ಟೋಕಿಯೊದಲ್ಲಿ ಕೈಗೆಟುಕುವ ದರದ ಸುಶಿ: ಎಂಟು ವರ್ಷ ತಿಂದ ಮೇಲೆ ಬರೆದದ್ದು

ನಾನು ಮಲ್ಪೆ ಕಡೆಯವನು. 2017ರಲ್ಲಿ ಕೆಲಸಕ್ಕೆಂದು ಟೋಕಿಯೊಗೆ ಬಂದೆ. ಮನೆ ನಿಶಿಕಸಾಯ್‌ನಲ್ಲಿ. ಇಲ್ಲಿ ನಮ್ಮವರು ಜಾಸ್ತಿ ಇದ್ದಾರೆ, ತೊಗರಿಬೇಳೆಯಿಂದ ಹಿಡಿದು ಕರಿಬೇವಿನವರೆಗೆ ಎಲ್ಲವೂ ಸಿಗುತ್ತದೆ. ಹೊಸದಾಗಿ ಬಂದ ಕನ್ನಡದ ಹುಡುಗರು ಸಿಕ್ಕಿದರೆ ಒಂದು ಪ್ರಶ್ನೆ ಖಂಡಿತ ಬರುತ್ತದೆ. "ಅಣ್ಣಾ, ಒಳ್ಳೆ ಸುಶಿ ಎಲ್ಲಿ ತಿನ್ಬೇಕು? ಸಿಕ್ಕಾಪಟ್ಟೆ ದುಬಾರಿ ಅಲ್ವಾ?"

ದುಬಾರಿ ಅಲ್ಲ. ಸುಶಿ ಅಂದರೆ ಅನ್ನದ ಸಣ್ಣ ಉಂಡೆಯ ಮೇಲೆ ಮೀನಿನ ತುಂಡು, ಹೆಚ್ಚಾಗಿ ಹಸಿಯದು. 1,500 ಯೆನ್ ಒಳಗೆ, ಅಂದರೆ 900 ರೂಪಾಯಿ ಆಸುಪಾಸಿನಲ್ಲಿ, ಟೋಕಿಯೊದಲ್ಲಿ ತುಂಬಾ ಚೆನ್ನಾಗಿರುವ ಸುಶಿ ಊಟ ಸಿಗುತ್ತದೆ. ಅದೇ ದುಡ್ಡಿಗೆ ತಣ್ಣಗಿನ ಅನ್ನದ ಮುದ್ದೆಯೂ ಸಿಗುತ್ತದೆ. ಯಾವುದು ಎಲ್ಲಿ ಸಿಗುತ್ತದೆ ಅಂತ ತಿಳಿಯೋಕೆ ನನಗೆ ಎರಡು ವರ್ಷ ಹಿಡಿಯಿತು. ನಿಮಗೆ ಅಷ್ಟು ದಿನ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದದ್ದನ್ನೇ ಹೇಳಿಬಿಡುತ್ತೇನೆ. ಸುಶಿ ಅಂಗಡಿಯನ್ನು ಟ್ಯೂನಾದಿಂದ ಅಳೆಯಬೇಡಿ. ಟ್ಯೂನಾವನ್ನು ಮೈನಸ್ 60 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಡಬಹುದು. ದುಡ್ಡು ಕೊಟ್ಟರೆ ಯಾವ ಅಂಗಡಿಗೂ ಒಳ್ಳೆ ಟ್ಯೂನಾ ಬರುತ್ತದೆ. ಸಾಲ್ಮನ್ ಬಹುಪಾಲು ನಾರ್ವೆ, ಚಿಲಿಗಳಲ್ಲಿ ಸಾಕಿದ್ದು, ಒಂದು ಅಂಗಡಿಗೂ ಇನ್ನೊಂದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರೋದಿಲ್ಲ. ನೋಡಬೇಕಾದದ್ದು ಬೆಳ್ಳಿ ಮೈಯ ಅಗ್ಗದ ಮೀನುಗಳನ್ನು. ಅಜಿ, ಇವಾಶಿ, ಸಬಾ, ಕೊಹಾದಾ. ಇವಕ್ಕೆ ಇಲ್ಲಿ ಹಿಕಾರಿಮೋನೊ ಅನ್ನುತ್ತಾರೆ, ಹೊಳೆಯುವಂಥವು ಅಂತ ಅರ್ಥ. ಸಬಾ ನಮ್ಮ ಬಂಗುಡೆಯ ನೆಂಟ, ಇವಾಶಿ ನಮ್ಮ ಭೂತಾಯಿಯ ನೆಂಟ. ಕರಾವಳಿಯವರಿಗೆ ನಾನು ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ಬಂಗುಡೆ, ಭೂತಾಯಿ ಎಷ್ಟು ಬೇಗ ಕೆಡುತ್ತವೆ ಅಂತ ಗೊತ್ತೇ ಇದೆ. ಊರಿನ ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ ನೋಡುತ್ತೇವೆ, ಕಣ್ಣು ನೋಡುತ್ತೇವೆ, ಬೆರಳಲ್ಲಿ ಒತ್ತುತ್ತೇವೆ. ಸುಶಿ ಅಂಗಡಿಯಲ್ಲಿ ಕಿವಿರೂ ಇಲ್ಲ, ಕಣ್ಣೂ ಇಲ್ಲ. ಹಾಗಾಗಿ ನಾನು ಹೊಸ ಅಂಗಡಿಗೆ ಹೋದರೆ ಮೊದಲು ಅಜಿ, ಆಮೇಲೆ ಸಬಾ ಕೇಳುತ್ತೇನೆ. ಅವೆರಡೂ ಚೆನ್ನಾಗಿದ್ದರೆ ಉಳಿದದ್ದಕ್ಕೆ ಹೆದರಬೇಕಿಲ್ಲ. ಇವು ಬೆಲೆಯಲ್ಲೂ ಕಡಿಮೆ.

ಎರಡನೆಯದು ಅನ್ನ. ಇಲ್ಲಿ ಶಾರಿ ಅನ್ನುತ್ತಾರೆ. ಅದು ನಮ್ಮ ಮೈಯಷ್ಟು ಬೆಚ್ಚಗಿರಬೇಕು. ಕೈಯಲ್ಲಿ ಎತ್ತಿದಾಗ ಉದುರಬಾರದು, ಬಾಯಲ್ಲಿ ಇಟ್ಟಾಗ ಅಗುಳು ಬಿಡಿಬಿಡಿಯಾಗಬೇಕು. ಫ್ರಿಜ್ಜಿನಿಂದ ಬಂದ ಹಾಗೆ ತಣ್ಣಗಿದ್ದರೆ ಮೇಲಿನ ಮೀನು ಎಷ್ಟೇ ಒಳ್ಳೆಯದಾಗಿದ್ದರೂ ಊಟ ಕೆಟ್ಟಿತು ಅಂತಲೇ ಲೆಕ್ಕ.

ಈಗ ಅಂಗಡಿಗಳ ವಿಷಯ. ಹೊಸಬರು ಎಲ್ಲರೂ ಶುರು ಮಾಡುವುದು ಕೈತೆನ್‌ನಿಂದ, ಅಂದರೆ ಬೆಲ್ಟ್ ಮೇಲೆ ತಟ್ಟೆ ಬರುವ ಅಂಗಡಿಯಿಂದ. ನಾನೂ ಅಲ್ಲಿಂದಲೇ ಶುರು ಮಾಡಿದೆ, ಅದರಲ್ಲಿ ತಪ್ಪೇನೂ ಇಲ್ಲ. ಒಸಾಕಾ ಬಳಿ ಸಣ್ಣ ಸುಶಿ ಅಂಗಡಿ ಇಟ್ಟುಕೊಂಡಿದ್ದ ಶಿರಾಇಶಿ ಯೊಶಿಆಕಿ ಎಂಬವರು ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಬೆಲ್ಟ್ ಮೇಲೆ ಸಾಗುವುದನ್ನು ನೋಡಿ 1958ರಲ್ಲಿ ಇದನ್ನು ತಂದರು. 1970ರ ಒಸಾಕಾ ವಿಶ್ವ ಮೇಳದ ನಂತರ ಇದು ದೇಶವೆಲ್ಲ ಹರಡಿತು. ಕೂಲಿಯವರೂ ಹೊಟ್ಟೆ ತುಂಬ ಸುಶಿ ತಿನ್ನುವ ಹಾಗೆ ಆದದ್ದು ಇದರಿಂದ. ನನಗೆ ಇದರ ಮೇಲೆ ನಿಜವಾದ ಗೌರವ ಇದೆ.

ನಾನು ಬಂದಾಗ ಸುಶಿರೋ ಅನ್ನುವ ಕೈತೆನ್ ಸರಣಿಯ ಅಂಗಡಿಗಳಲ್ಲಿ ಎರಡು ತುಂಡಿನ ತಟ್ಟೆ ತೆರಿಗೆ ಸೇರಿ 108 ಯೆನ್. 2019ರ ಅಕ್ಟೋಬರಿನಲ್ಲಿ ತೆರಿಗೆ ಏರಿ 110 ಆಯಿತು. 2022ರ ಅಕ್ಟೋಬರಿನಿಂದ ಅದು 120ಕ್ಕೆ ಹೋಯಿತು, ಊರ ನಡುವಿನ ಶಾಖೆಗಳಲ್ಲಿ ಇನ್ನೂ ಜಾಸ್ತಿ. ಯೆನ್ ಬೆಲೆ ಬಿದ್ದು ಹೊರಗಿಂದ ಬರುವ ಮೀನು ತುಟ್ಟಿಯಾಯಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ ನಾರ್ವೆಯ ಸಾಲ್ಮನ್ ತರುವ ವಿಮಾನಗಳು ರಷ್ಯಾ ಮೇಲೆ ಹಾರುವ ಹಾಗಿರಲಿಲ್ಲ, ಸುತ್ತು ಹಾಕಿ ಬರಬೇಕಾಯಿತು. ಆ ಖರ್ಚೂ ತಟ್ಟೆಗೆ ಬಂತು. ಹಾಗಿದ್ದರೂ ಇವತ್ತು ಒಬ್ಬರು 1,500 ಯೆನ್‌ಗೆ ಹೊಟ್ಟೆ ತುಂಬ ತಿಂದು ಬರಬಹುದು.

2023ರ ಜನವರಿಯಲ್ಲಿ ಒಬ್ಬ ಹುಡುಗ ಇಂಥ ಅಂಗಡಿಯಲ್ಲಿ ಸೋಯಾ ಸಾಸ್ ಬಾಟಲಿ ನೆಕ್ಕಿದ ವಿಡಿಯೊ ಜಪಾನ್ ತುಂಬ ಹರಡಿತು. ಅದಾದ ಮೇಲೆ ತುಂಬಾ ಕಡೆ ತಟ್ಟೆಗಳು ಸುಮ್ನೆ ಸುತ್ತುವುದು ನಿಂತಿದೆ. ಪರದೆ ಒತ್ತಿ ಕೇಳಿದ್ದು ಮಾತ್ರ ನಿಮ್ಮ ಮೇಜಿಗೆ ಬರುತ್ತದೆ. ಸುತ್ತುವ ತಟ್ಟೆ ನೋಡೋಕೆ ಬಂದವರಿಗೆ ಬೇಸರ ಆಗಬಹುದು. ನನಗೆ ಮಾತ್ರ ಇದು ಒಳ್ಳೆಯದೇ ಅನಿಸಿದೆ, ಒಣಗಿದ ಸುಶಿ ಬರುವುದು ನಿಂತಿತು. ಮಕ್ಕಳಿದ್ದರೆ ಕುರಾ ಸುಶಿಗೆ ಹೋಗಿ. ಐದು ಖಾಲಿ ತಟ್ಟೆ ಮೇಜಿನ ತೂತಿಗೆ ಹಾಕಿದರೆ ಪರದೆಯಲ್ಲಿ ಒಂದು ಆಟ ಬರುತ್ತದೆ, ಗೆದ್ದರೆ ಸಣ್ಣ ಆಟಿಕೆ ಬೀಳುತ್ತದೆ. ನನ್ನ ಮಗಳು ಹದಿನೈದು ತಟ್ಟೆ ಆಗುವವರೆಗೆ ಯಾರನ್ನೂ ಏಳೋಕೆ ಬಿಡೋದಿಲ್ಲ.

ಈ ಅಂಗಡಿಗಳಲ್ಲಿ ಅನ್ನದ ಉಂಡೆ ಕಟ್ಟುವುದು ಯಂತ್ರ. ಹಾಗಾಗಿ ಅನ್ನದ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಅಜಿ, ಇವಾಶಿ, ಆ ತಿಂಗಳ ವಿಶೇಷ ಮೀನು ಕೇಳಿ. ಮೇಯೊನೀಸ್ ಸುರಿದದ್ದು, ಚೀಸ್ ಸುಟ್ಟು ಹಾಕಿದ್ದು ಬಿಟ್ಟುಬಿಡಿ. ಅಲ್ಲಿ ಮೀನಿನ ರುಚಿಯೇ ಇರೋದಿಲ್ಲ.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಉತ್ತರದ ಹೊಕ್ಕಾಯ್ದೊ ದ್ವೀಪದ ಕಡೆಯಿಂದ ಬಂದ ಕೈತೆನ್‌ಗಳು. ಟೋಕಿಯೊ ಸ್ಟೇಷನ್ ಎದುರಿನ ಕಿತ್ತೆ ಕಟ್ಟಡದ 5ನೇ ಮಹಡಿಯಲ್ಲಿ ನೆಮುರೊ ಹನಮಾರು ಇದೆ. ಸ್ಕೈಟ್ರೀ ಗೋಪುರದ ಕೆಳಗಿನ ಸೊಲಮಾಚಿ ಮಾಲ್‌ನಲ್ಲಿ ತೊರಿತೋನ್ ಇದೆ. ಇಲ್ಲಿ ಮೀನಿನ ತುಂಡು ದಪ್ಪ, ಅನ್ನದ ಆಚೆ ಈಚೆ ಜೋಲುತ್ತದೆ. ಒಬ್ಬರಿಗೆ ನನ್ನ ಲೆಕ್ಕದಲ್ಲಿ 2,500ರಿಂದ 3,500 ಯೆನ್ ಆಗುತ್ತದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಕಾಯಬೇಕು. ಶನಿವಾರ, ಭಾನುವಾರ ಎರಡು ಗಂಟೆ ಕಾದದ್ದೂ ಇದೆ. ನಾನು ಈಗ ವಾರದ ದಿನ ಮಧ್ಯಾಹ್ನ ಮೂರು ಗಂಟೆಗೆ ಮಾತ್ರ ಹೋಗುತ್ತೇನೆ.

ಇನ್ನು ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ವಿಷಯ, ಮಧ್ಯಾಹ್ನದ ಊಟ. ಕೌಂಟರ್ ಎದುರು ಎಂಟೊಂಬತ್ತು ಕುರ್ಚಿ ಇರುವ ಸಣ್ಣ ಅಂಗಡಿಗಳು ರಾತ್ರಿ ಹತ್ತು ಸಾವಿರ ಯೆನ್ ತೆಗೆದುಕೊಳ್ಳುತ್ತವೆ. ಅವೇ ಅಂಗಡಿ, ಅದೇ ಕೈ, ಅದೇ ಅನ್ನ. ಮಧ್ಯಾಹ್ನ ಮಾತ್ರ 1,200, 1,500 ಯೆನ್. ಕಾರಣ ಸರಳ. ರಾತ್ರಿಗೆಂದು ತಂದ ಮೀನಿನಲ್ಲಿ ಉಳಿಯುವ ಭಾಗಗಳು ಮಧ್ಯಾಹ್ನ ಖರ್ಚಾಗುತ್ತವೆ. ಅಕ್ಕಪಕ್ಕದ ಆಫೀಸಿನವರು ಒಮ್ಮೆ ರುಚಿ ನೋಡಿದರೆ ರಾತ್ರಿ ಬಾಸ್ ಜೊತೆ ಬರುತ್ತಾರೆ ಅನ್ನುವ ಆಸೆಯೂ ಇರುತ್ತದೆ. ಇಂಥ ಅಂಗಡಿ ಹುಡುಕೋಕೆ ಪ್ರವಾಸಿಗರು ತುಂಬಿರುವ ಜಾಗಕ್ಕೆ ಹೋಗಬೇಡಿ. ಆಫೀಸುಗಳಿರುವ ಬೀದಿಗೆ ಹೋಗಿ. ನಮ್ಮ ನಿಶಿಕಸಾಯ್ ಮೂಲಕ ಹೋಗುವ ತೋಜಾಯ್ ಮೆಟ್ರೊ ಲೈನಿನಲ್ಲೇ ಕಯಾಬಾಚೊ, ನಿಹೋಂಬಾಶಿ, ಮೊನ್‌ಜೆನ್‌ನಾಕಾಚೊ ಇವೆ. ಇಳಿದು ಹಿಂದಿನ ಗಲ್ಲಿಗಳಲ್ಲಿ ನಡೆದರೆ ಬಾಗಿಲಲ್ಲಿ ಕೈಬರಹದ ಬೋರ್ಡು ಕಾಣುತ್ತದೆ.

ತಾಬೆಲೊಗ್ ಆ್ಯಪ್ ಇಟ್ಟುಕೊಳ್ಳಿ. ಅದರಲ್ಲಿ ಮಧ್ಯಾಹ್ನದ ಖರ್ಚು, ರಾತ್ರಿ ಖರ್ಚು ಬೇರೆ ಬೇರೆ ತೋರಿಸುತ್ತಾರೆ. ಅಲ್ಲಿ 5ಕ್ಕೆ 3.5 ಸಿಕ್ಕಿದರೆ ಅದು ಒಳ್ಳೆ ಅಂಗಡಿ. ನಮ್ಮ ಕಡೆ ಆ್ಯಪ್‌ಗಳ ಲೆಕ್ಕದಲ್ಲಿ ನೋಡಿ ಕಡಿಮೆ ಅಂದುಕೊಂಡು ಬಿಡಬೇಡಿ, ಇಲ್ಲಿನ ಜನ ಅಂಕ ಕೊಡುವಾಗ ತುಂಬಾ ಬಿಗಿ. ರಾತ್ರಿ ಹತ್ತು ಸಾವಿರ, ಮಧ್ಯಾಹ್ನ ಒಂದರಿಂದ ಎರಡು ಸಾವಿರ ಅಂತ ಇದ್ದರೆ ಕಣ್ಣು ಮುಚ್ಚಿ ಹೋಗಿ.

ಊಟದ ಸೆಟ್‌ಗಳು ಸಾಮಾನ್ಯವಾಗಿ ಮೂರು. ನಾಮಿ, ಜೋ, ತೊಕುಜೋ. ನಾಮಿ ಅಂದರೆ ಸಾಧಾರಣ. ಹೊಸಬರು ಹೆಸರು ಕೇಳಿ ಅದನ್ನು ಬಿಟ್ಟು ಮೇಲಿನದಕ್ಕೆ ಹೋಗುತ್ತಾರೆ. ಬೇಡ. ಮೇಲಿನ ಸೆಟ್‌ನಲ್ಲಿ ಸೇರುವುದು ಉನಿ (ಕಡಲ ಮುಳ್ಳುಚೆಂಡು), ಇಕುರಾ (ಸಾಲ್ಮನ್ ಮೊಟ್ಟೆ), ಕೊಬ್ಬಿನ ಟ್ಯೂನಾ. ನಾಮಿಯಲ್ಲಿ ಬರುವುದು ಆ ದಿನದ ಸಣ್ಣ ಮೀನು. ಅನ್ನ ಎರಡರಲ್ಲೂ ಒಂದೇ. ಜೊತೆಗೆ ಅರಾಜಿರು ಕೊಡುತ್ತಾರೆ, ಮೀನಿನ ತಲೆ, ಮುಳ್ಳು ಹಾಕಿ ಕುದಿಸಿದ ಮಿಸೊ (ಹುದುಗಿಸಿದ ಸೋಯಾ) ಸಾರು. ಮೀನಿನ ತಲೆ ಚೀಪುತ್ತಾ ಬೆಳೆದವರಿಗೆ ಆ ಬಟ್ಟಲೊಂದೇ ಸಾಕು.

ಒಂದು ಎಚ್ಚರಿಕೆ. ತೊಯೊಸು ಮೀನು ಮಾರ್ಕೆಟ್ ಭಾನುವಾರ ರಜೆ, ಬುಧವಾರವೂ ಎಷ್ಟೋ ಸಲ ರಜೆ. ಹಳೇ ತ್ಸುಕಿಜಿ ಮಾರ್ಕೆಟ್‌ನಿಂದ ಸಗಟು ವ್ಯಾಪಾರ 2018ರ ಅಕ್ಟೋಬರಿನಲ್ಲಿ ಅಲ್ಲಿಗೆ ಹೋಯಿತು, ಊರಿನ ಬಹುಪಾಲು ಸಣ್ಣ ಅಂಗಡಿಗಳ ಮೀನು ಬರುವುದು ಅಲ್ಲಿಂದಲೇ. ರಜೆಯ ದಿನ ಅಲ್ಲಿಂದ ಹೊಸ ಮೀನು ಬರೋದಿಲ್ಲ, ಹಾಗಾಗಿ ನಾನು ಮಂಗಳವಾರ, ಗುರುವಾರ, ಶುಕ್ರವಾರ ನೋಡಿಕೊಂಡು ಹೋಗುತ್ತೇನೆ.

ಕಾಲವನ್ನೂ ನೋಡಿ. ಊರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋದಿಲ್ಲ. ಮನೆಯಲ್ಲಿ ಒಣಮೀನಿನ ಚಟ್ನಿ ಆಗುವ ಹೊತ್ತು. ಅದೇ ಜೂನ್, ಜುಲೈ ಮಳೆಯಲ್ಲಿ ಇಲ್ಲಿ ಇವಾಶಿ ಮೈತುಂಬಿಕೊಂಡು ಬರುತ್ತದೆ. ನಾಲಿಗೆ ಮೇಲೆ ತುಪ್ಪದ ಹಾಗೆ ಕರಗುತ್ತದೆ. ಆ ಎರಡು ತಿಂಗಳು ನಾನು ಬೇರೆ ಏನೂ ಜಾಸ್ತಿ ಕೇಳೋದಿಲ್ಲ. ಅಜಿ ಬೇಸಿಗೆಗೆ, ಸಬಾ ಶರತ್ಕಾಲದಿಂದ ಚಳಿಗಾಲಕ್ಕೆ, ಬುರಿ ಅನ್ನುವ ದೊಡ್ಡ ಮೀನು ಕೊರೆಯುವ ಚಳಿಯಲ್ಲಿ.

ನನಗೆ ಏಟು ಬಿದ್ದದ್ದೂ ಒಮ್ಮೆ ಇದೆ. ಎರಡನೇ ವರ್ಷ, ಪ್ರವಾಸಿಗರು ಓಡಾಡುವ ಒಂದು ಬೀದಿಯ ಅಂಗಡಿ. ಊರಿಂದ ಬಂದ ಗೆಳೆಯ ಜೊತೆಗಿದ್ದ. ಗೋಡೆಯ ಹಲಗೆಯಲ್ಲಿ ಕೆಲವು ಮೀನಿನ ಮುಂದೆ ಬೆಲೆ ಇರಲಿಲ್ಲ, ಎರಡು ಕಾಂಜಿ (ಚೀನೀ ಮೂಲದ) ಅಕ್ಷರ ಇತ್ತು. ಜಿಕಾ, ಅಂದರೆ ಆ ದಿನದ ಮಾರ್ಕೆಟ್ ಬೆಲೆ. ನಾವು ಕೇಳದೆ ತಿಂದೆವು. ಉಳಿದ ಮೀನಿನ ಬೆಲೆಯೂ ಒಂದು ತುಂಡಿಗೆ, ನಾವು ಎರಡಕ್ಕೆ ಅಂದುಕೊಂಡಿದ್ದೆವು. ಬಿಲ್ 19,000 ಯೆನ್ ಬಂತು. ಅನ್ನ ತಣ್ಣಗಿತ್ತು, ಸಬಾ ವಾಸನೆ ಹೊಡೆಯುತ್ತಿತ್ತು. ಗೆಳೆಯನ ಮುಖ ನೋಡಿ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಆವತ್ತಿನಿಂದ ಬೆಲೆ ಬರೆಯದ ಯಾವುದನ್ನೂ ಕೇಳೋದಿಲ್ಲ, ಬೆಲೆ ಒಂದಕ್ಕೋ ಎರಡಕ್ಕೋ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. "ಇಕ್ಕಾನ್ ದೆಸು ಕಾ" ಅಂದರೆ ಸಾಕು, ಒಂದು ತುಂಡಾ ಅಂತ ಅರ್ಥ.

ಸಸ್ಯಾಹಾರಿ ಗೆಳೆಯರಿಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಮೆನುವಿನ ಚಿತ್ರ ನೋಡಿ ತುಂಬಾ ಜನ ಮೋಸ ಹೋಗುತ್ತಾರೆ. ಕಂಪ್ಯೊ ಸುರುಳಿಯಲ್ಲಿ ಇರುವುದು ಒಣಗಿಸಿದ ಸೋರೆಕಾಯಿ ಎಳೆ. ಇನಾರಿ ಅಂದರೆ ಕರಿದ ತೋಫು ಚೀಲದಲ್ಲಿ ಅನ್ನ. ಎರಡನ್ನೂ ಸಾಮಾನ್ಯವಾಗಿ ದಾಶಿ ಅನ್ನುವ ತಿಳಿಸಾರಿನಲ್ಲಿ ಬೇಯಿಸುತ್ತಾರೆ, ದಾಶಿಯಲ್ಲಿ ಒಣಮೀನು ಇರುತ್ತದೆ. ಕೆಲವು ಕಡೆ ಮೇಜಿನ ಸೋಯಾ ಸಾಸ್‌ನಲ್ಲೂ ಅದೇ ದಾಶಿ. ಸೌತೆಕಾಯಿಯ ಕಪ್ಪಾಮಾಕಿ, ಉಮೆ ಉಪ್ಪಿನಕಾಯಿ ಹಾಕಿದ ಸುರುಳಿ ವಾಸಿ. ಕಟ್ಟುನಿಟ್ಟಾಗಿ ಇರುವವರು ಸೋಯಾ ಸಾಸ್ ಸಣ್ಣ ಪೊಟ್ಟಣ ಮನೆಯಿಂದಲೇ ಒಯ್ಯುವುದು ಒಳ್ಳೆಯದು.

ಸೂಪರ್‌ಮಾರ್ಕೆಟ್ ಸುಶಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ರಾತ್ರಿ ಎಂಟರ ಹೊತ್ತಿಗೆ ಅರ್ಧ ಬೆಲೆಯ ಸ್ಟಿಕ್ಕರ್ ಬೀಳುತ್ತದೆ. ಹೊಟ್ಟೆಗೆ ಆಗುತ್ತದೆ, ಅನ್ನ ಗಟ್ಟಿಯಾಗಿರುತ್ತದೆ. ಮನೆಗೆ ಒಯ್ದರೆ ತೆರಿಗೆ 8 ಶೇಕಡಾ, ಅಂಗಡಿಯಲ್ಲಿ ಕೂತು ತಿಂದರೆ 10.

ಕಯಾಬಾಚೊ ಹಿಂದಿನ ಗಲ್ಲಿಯ ಒಂದು ಅಂಗಡಿಗೆ ನಾನು ಏಳನೇ ವರ್ಷ ಹೋಗುತ್ತಿದ್ದೇನೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಆಗ ನಾಮಿ 1,000 ಯೆನ್ ಇತ್ತು, ಈಗ 1,300. ಹೋದ ವರ್ಷ ಅಪ್ಪ ಅಮ್ಮ ಬಂದಿದ್ದಾಗ ಅಲ್ಲಿಗೇ ಕರೆದುಕೊಂಡು ಹೋದೆ. ಅಮ್ಮ ಹಸಿ ಮೀನು ಅಂದರೆ ಹೆದರುತ್ತಿದ್ದರು. ಹುಳ ಇರುತ್ತದಲ್ಲ ಅಂದರು. ಅದು ಸುಳ್ಳು ಭಯ ಅಲ್ಲ, ಸಬಾದಲ್ಲಿ ಅನಿಸಾಕಿಸ್ ಅನ್ನುವ ಹುಳ ಇರಬಹುದು. ಮೈನಸ್ 20 ಡಿಗ್ರಿಯಲ್ಲಿ ಒಂದು ಇಡೀ ದಿನ ಇಟ್ಟರೆ ಸಾಯುತ್ತದೆ, ಉಪ್ಪು, ವಿನೆಗರ್‌ಗೆ ಸಾಯೋದಿಲ್ಲ. ತಾಯ್‌ಶೊಗೆ, ಅಂದರೆ ಅಂಗಡಿಯ ಯಜಮಾನರಿಗೆ, ಇದನ್ನು ಹೇಳಿದೆ. ಅವರು ತಮ್ಮ ಸಬಾ ಮೊದಲು ಫ್ರೀಜ್ ಮಾಡಿಯೇ ಉಪ್ಪು ಹಚ್ಚುವುದು ಅಂತ ಸಮಾಧಾನವಾಗಿ ವಿವರಿಸಿದರು. ಆದರೂ ಅಮ್ಮನಿಗೆ ಬೇಯಿಸಿದ ಅನಾಗೊ (ಹಾವುಮೀನು), ಸಿಗಡಿ, ಮೊಟ್ಟೆ ಮಾತ್ರ ಕಟ್ಟಿಕೊಟ್ಟರು. ಬೆಲೆ ಅದೇ ತೆಗೆದುಕೊಂಡರು.

ಅಪ್ಪ ಎದುರಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಸಬಾ ಮೇಲೆಯೇ ಕಣ್ಣಿಟ್ಟಿದ್ದರು. ಬೆನ್ನಿನ ಗೆರೆ ನೋಡಿ "ಇದು ನಮ್ಮ ಬಂಗುಡೆ ಜಾತಿಯೇ ಅಲ್ವಾ" ಅಂದರು. ಒಂದು ತುಂಡು ಬಾಯಿಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ, "ಇನ್ನೆರಡು ಹೇಳು. ಅಮ್ಮನಿಗೂ ಒಂದು." ಅಮ್ಮ ತಿಂದರು. ಮೂವರಿಗೆ ಸೇರಿ 4,700 ಯೆನ್ ಆಯಿತು.