ಮನೆಯವರದ್ದೆಲ್ಲ ಒಂದೇ ಕಂಪನಿ ಅಂತ ಕ್ಯಾಮೆರಾ ಬದಲಿಸಬೇಡಿ, ಮೊದಲು ಇದನ್ನು ಓದಿ

ನಮ್ಮ ಮನೆಯಲ್ಲಿ ಒಟ್ಟು ನಾಲ್ಕು ಕ್ಯಾಮೆರಾ. ಅಣ್ಣನದು ಕ್ಯಾನನ್ 80ಡಿ. ಅತ್ತಿಗೆಯದು ಕ್ಯಾನನ್ ಎಂ50. ಭಾವನದು, ಅಂದರೆ ಅಕ್ಕನ ಗಂಡನದು, ಕ್ಯಾನನ್ 5ಡಿ ಮಾರ್ಕ್ 3. ನಾನೊಬ್ಬ ಮಾತ್ರ ನಿಕಾನ್ ಡಿ7000 ಹಿಡಿದುಕೊಂಡು ಓಡಾಡುತ್ತಿದ್ದೆ. ಎಲ್ಲರೂ ಸೇರಿದಾಗಲೆಲ್ಲ ಒಂದೇ ಮಾತು. "ನೀನೂ ಕ್ಯಾನನ್‌ಗೆ ಬಂದುಬಿಡೋ. ಲೆನ್ಸ್ ಎಲ್ಲ ಹಂಚಿಕೊಳ್ಳಬಹುದು, ಸುಮ್ನೆ ಯಾಕೆ ಎರಡೆರಡು ತಗೋಬೇಕು?"

ಕೇಳೋದಕ್ಕೆ ಎಷ್ಟು ಸರಿ ಇದೆ, ಅಲ್ವಾ? ನನಗೂ ಹಾಗೇ ಅನ್ನಿಸಿತು. ಬದಲಿಸಿದೆ. ಅದರಿಂದ ಏನೇನಾಯಿತು ಅಂತ ಹೇಳುತ್ತೇನೆ. ಇದರಲ್ಲಿ ಯಾವ ಕಂಪನಿಯ ತಪ್ಪೂ ಇಲ್ಲ. ಎಲ್ಲ ವಿವರವೂ ಮೊದಲೇ ಸಿಗುತ್ತಿತ್ತು, ನಾನು ನೋಡಲಿಲ್ಲ ಅಷ್ಟೆ.

ಮೊದಲು ನನಗೆ ಬದಲಿಸುವ ಮನಸ್ಸು ಯಾಕೆ ಬಂತು ಅಂತ ಹೇಳಬೇಕು. ಮಗಳ ಶಾಲೆಯ ನಾಟಕ. ನನ್ನ ಹತ್ತಿರ ಇದ್ದದ್ದು ದೂರದ್ದನ್ನು ಹತ್ತಿರಕ್ಕೆ ತರುವ 70-300 ಜೂಮ್. 300ಕ್ಕೆ ಎಳೆದರೆ ಅದರ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಂಡಿ, 5.6. ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ವೇದಿಕೆಯಲ್ಲಿ ಮಂದ ಬೆಳಕು, ಮಕ್ಕಳು ನಿಂತಲ್ಲಿ ನಿಲ್ಲುವುದಿಲ್ಲ. ಐಎಸ್ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, ಏರಿಸಿದರೆ ಫೋಟೊ ತುಂಬ ಕಾಳುಕಾಳು, ಏರಿಸದಿದ್ದರೆ ಮಗಳ ಕೈಕಾಲೆಲ್ಲ ಮಸುಕು. ಕ್ಯಾಮೆರಾ ಹಳೆಯದಾಯಿತು ಅಂತ ನಾನೇ ತೀರ್ಮಾನ ಮಾಡಿದೆ. ಡಿ7000 ಬಂದದ್ದು 2010ರಲ್ಲಿ, 16 ಮೆಗಾಪಿಕ್ಸೆಲ್. ಹೇಗೂ ಹೊಸದು ಕೊಳ್ಳಬೇಕು, ಮನೆಯವರ ಕಂಪನಿಯದ್ದನ್ನೇ ಕೊಳ್ಳೋಣ ಅಂದುಕೊಂಡೆ.

ಬಳಸಿದ ಕ್ಯಾಮೆರಾ ಕೊಳ್ಳುವ ಒಬ್ಬರಿಗೆ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಮೂರು ಲೆನ್ಸ್, ಫ್ಲ್ಯಾಶ್ ಎಲ್ಲವನ್ನೂ ಒಟ್ಟಿಗೆ ಒಪ್ಪಿಸಿಬಿಟ್ಟೆ. ಇದು ಮೊದಲ ತಪ್ಪು. ಒಟ್ಟಿಗೆ ಕೊಟ್ಟರೆ ಬಾಡಿಯದೊಂದು ಬೆಲೆ ಹೇಳುತ್ತಾರೆ, ಲೆನ್ಸ್‌ಗಳು ಅದರ ಜೊತೆ ಹೆಚ್ಚೂಕಡಿಮೆ ಪುಕ್ಕಟೆ ಹೋಗುತ್ತವೆ. ವರ್ಷಗಳು ಕಳೆದ ಹಾಗೆ ಬಾಡಿಯ ಬೆಲೆ ಬೇಗ ಇಳಿಯುತ್ತದೆ, ಒಳ್ಳೆಯ ಲೆನ್ಸಿನದು ಅಷ್ಟು ಬೇಗ ಇಳಿಯುವುದಿಲ್ಲ. ಬಿಡಿಬಿಡಿಯಾಗಿ ಮಾರಬೇಕಿತ್ತು. ಅದರ ಮೇಲೆ ಅವರು ಜೂಮ್ ಲೆನ್ಸಿನೊಳಗೆ ಟಾರ್ಚ್ ಬಿಟ್ಟು, ಅಂಚಿನಲ್ಲಿ ಜೇಡರ ಬಲೆಯ ಹಾಗೆ ಬೆಳೆದಿದ್ದ ಫಂಗಸ್ ತೋರಿಸಿದರು. ನಾನು ಒಂದು ದಿನವೂ ಹಾಗೆ ನೋಡಿರಲಿಲ್ಲ. ತೇವ ಇರುವ ಕಪಾಟಿನಲ್ಲಿ, ಚರ್ಮದ ಚೀಲದೊಳಗೆ ಇಟ್ಟದ್ದಕ್ಕೆ ಬಂದ ಬಹುಮಾನ. ಬೆಲೆ ಇನ್ನಷ್ಟು ಇಳಿಯಿತು. ನಾನು ತಲೆ ಆಡಿಸಿ ಬಂದೆ.

ಕೊಂಡದ್ದು ಕ್ಯಾನನ್ ಆರ್8. ಅದು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ್ದು), ಫುಲ್ ಫ್ರೇಮ್ (ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದು), 24 ಮೆಗಾಪಿಕ್ಸೆಲ್. ಜೊತೆಗೆ 24-50 ಜೂಮ್. ಕ್ಯಾಮೆರಾ ಚೆನ್ನಾಗಿಯೇ ಇದೆ, ಅದರ ಮೇಲೆ ನನಗೆ ದೂರಿಲ್ಲ. ದೂರದ ಲೆನ್ಸ್ ಯಾಕೆ ಕೊಳ್ಳಲಿಲ್ಲ ಅಂದರೆ, ಅಣ್ಣನ ಹತ್ತಿರ ಇದೆಯಲ್ಲ!

ಭಾನುವಾರ ಎಲ್ಲರ ಚೀಲವನ್ನೂ ಮೇಜಿನ ಮೇಲೆ ಸುರಿದೆವು. ಹಬ್ಬದ ಹಾಗಿತ್ತು. ಅಣ್ಣನ 55-250 ತೆಗೆದುಕೊಂಡು ನನ್ನ ಕ್ಯಾಮೆರಾಕ್ಕೆ ಹಾಕಲು ಹೋದೆ. ಕೂರಲಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಎಲ್ಲರೂ ಎಡವುವುದು ಇಲ್ಲೇ. ಕಂಪನಿ ಒಂದೇ ಆದ ಮಾತ್ರಕ್ಕೆ ಮೌಂಟ್ ಒಂದೇ ಆಗುವುದಿಲ್ಲ. ಮೌಂಟ್ ಅಂದರೆ ಲೆನ್ಸ್ ಬಾಡಿಯ ಮೇಲೆ ಕೂರುವ ಲೋಹದ ಬಳೆ. ಆ ಬಳೆಯಿಂದ ಸೆನ್ಸರ್‌ಗೆ ಎಷ್ಟು ದೂರ ಅನ್ನುವುದನ್ನು ಪ್ರತಿ ಮೌಂಟ್‌ಗೂ ಒಂದು ಸಲ ಗೊತ್ತು ಮಾಡಿಬಿಟ್ಟಿರುತ್ತಾರೆ, ಲೆನ್ಸ್ ಆ ಲೆಕ್ಕಕ್ಕೇ ತಯಾರಾಗಿರುತ್ತದೆ. ಕ್ಯಾನನ್ 1987ರಲ್ಲಿ ತಂದ ಇಎಫ್ ಮೌಂಟ್‌ನಲ್ಲಿ ಈ ದೂರ 44 ಮಿ.ಮೀ. ಅಣ್ಣ ಮತ್ತು ಭಾವನ ಕ್ಯಾಮೆರಾ ಅವು. 2012ರಲ್ಲಿ ಬಂದ ಇಎಫ್-ಎಂ ಮೌಂಟ್‌ನಲ್ಲಿ 18 ಮಿ.ಮೀ. ಅದು ಅತ್ತಿಗೆಯದು. 2018ರಲ್ಲಿ ಬಂದ ಆರ್‌ಎಫ್ ಮೌಂಟ್‌ನಲ್ಲಿ 20 ಮಿ.ಮೀ. ಅದು ನನ್ನದು. ನಾಲ್ಕು ಕ್ಯಾನನ್, ಮೂರು ಮೌಂಟ್.

ಇದರಿಂದ ಏನಾಗುತ್ತದೆ ಅಂದರೆ, ಅಣ್ಣನ ಲೆನ್ಸ್ ನನ್ನ ಕ್ಯಾಮೆರಾಕ್ಕೆ ಹಾಕಬೇಕಾದರೆ 44ರಲ್ಲಿ 20 ಕಳೆದು ಉಳಿದ 24 ಮಿ.ಮೀ. ತುಂಬಿಸಬೇಕು. ಅಡಾಪ್ಟರ್ ಅಂದರೆ ಅಷ್ಟೇ, ಒಳಗೆ ಗಾಜಿಲ್ಲದ ಟೊಳ್ಳು ಕೊಳವೆ, ವಿದ್ಯುತ್ ಸಂಪರ್ಕದ ಚುಕ್ಕಿಗಳ ಜೊತೆ. ಅದನ್ನು ಕೊಂಡೆ. ಇಎಫ್ ಲೆನ್ಸ್‌ಗಳು ಅದರಲ್ಲಿ ಬಹಳ ಚೆನ್ನಾಗಿ ಫೋಕಸ್ ಆಗುತ್ತವೆ, ಸುಳ್ಳು ಹೇಳಬಾರದು. ಆದರೆ ನನ್ನ ಲೆನ್ಸ್ ಅಣ್ಣನಿಗೆ ಯಾವತ್ತಿಗೂ ಆಗುವುದಿಲ್ಲ. ಅವನ ಕ್ಯಾಮೆರಾದಲ್ಲಿ ಈಗಾಗಲೇ 24 ಮಿ.ಮೀ. ಜಾಸ್ತಿ ಇದೆ, ಯಾವ ಅಡಾಪ್ಟರ್ ಹಾಕಿ ಅದನ್ನು ಕಡಿಮೆ ಮಾಡುತ್ತೀರಿ? ಅತ್ತಿಗೆಯ ಲೆನ್ಸ್‌ಗಳ ಕಥೆ ಇನ್ನೂ ವಿಚಿತ್ರ. ಅವು 18ಕ್ಕೆ ಮಾಡಿದವು, ನನ್ನ ಬಾಡಿ 20. ಬರೀ 2 ಮಿ.ಮೀ. ವ್ಯತ್ಯಾಸ. ಆದರೂ ಅವರದು ನನಗಾಗಲ್ಲ, ನನ್ನದು ಅವರಿಗಾಗಲ್ಲ. ಅಣ್ಣನ ಲೆನ್ಸ್ ಅವರ ಕ್ಯಾಮೆರಾಕ್ಕೆ ಕೂರುತ್ತದೆ, ಆದರೆ ಅದಕ್ಕೆ ಬೇರೆ ಅಡಾಪ್ಟರ್. ನನ್ನ ಅಡಾಪ್ಟರ್ ಕೂಡ ಅವರಿಗೆ ಉಪಯೋಗ ಇಲ್ಲ.

"ಹಾಗಾದರೆ ನಾವು ಏನನ್ನ ಹಂಚಿಕೊಳ್ಳೋದು?" ಅಂತ ಅತ್ತಿಗೆ ಕೇಳಿದರು. ನಾನು ಮೆಮೊರಿ ಕಾರ್ಡ್ ಅಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಬ್ಯಾಟರಿಯಾದರೂ ಒಂದೇ ಇರಬಹುದು ಅಂತ ನೋಡಿದೆವು. ಅಣ್ಣ ಮತ್ತು ಭಾವನದು ಎಲ್‌ಪಿ-ಇ6. ಅತ್ತಿಗೆಯದು ಎಲ್‌ಪಿ-ಇ12. ನನ್ನದು ಎಲ್‌ಪಿ-ಇ17. ಮೂರಕ್ಕೆ ಮೂರು ಚಾರ್ಜರ್.

ಇನ್ನು ಅಣ್ಣನ 55-250. ಅಡಾಪ್ಟರ್ ಬಂದ ಮೇಲೆ ಕೂತಿತು, ಫೋಟೊನೂ ಬಂತು. ಕಂಪ್ಯೂಟರಿನಲ್ಲಿ ತೆರೆದರೆ ಫೋಟೊ ಚಿಕ್ಕದು. ಅದು ಇಎಫ್-ಎಸ್ ಲೆನ್ಸ್, 80ಡಿಯಂಥ ಚಿಕ್ಕ ಸೆನ್ಸರ್‌ಗಾಗಿ ಮಾಡಿದ್ದು. ದೊಡ್ಡ ಸೆನ್ಸರ್‌ನ ಮೂಲೆಗೆ ಅದು ಬೆಳಕು ಮುಟ್ಟಿಸುವುದಿಲ್ಲ. ಹಾಗಾಗಿ ಕ್ಯಾಮೆರಾ ತಾನಾಗಿಯೇ ಸುತ್ತಲೂ ಕತ್ತರಿಸಿ ನಡುವಿನ ಭಾಗ ಮಾತ್ರ ಕೊಡುತ್ತದೆ. ಅಗಲಕ್ಕೂ ಎತ್ತರಕ್ಕೂ 1.6 ಪಟ್ಟು ಕಡಿತ. 24 ಮೆಗಾಪಿಕ್ಸೆಲ್ ಅಂತ ಕೊಂಡ ಕ್ಯಾಮೆರಾದಿಂದ ಸುಮಾರು 9 ಬಂತು. ಮಾರಿದ ಡಿ7000ದಲ್ಲಿ 16 ಇತ್ತು ಅನ್ನೋದು ನೆನಪಿರಲಿ! ಅಂದಹಾಗೆ ಇಎಫ್-ಎಸ್ ಲೆನ್ಸ್ ಭಾವನ 5ಡಿಗೆ ಕೂರುವುದೇ ಇಲ್ಲ. ಅಣ್ಣನೂ ಭಾವನೂ ಇಷ್ಟು ವರ್ಷ "ಹಂಚಿಕೊಳ್ಳುತ್ತಾ" ಇದ್ದದ್ದು ಅಂದರೆ ಭಾವ ಕೊಡುವುದು, ಅಣ್ಣ ತೆಗೆದುಕೊಳ್ಳುವುದು. ಇದನ್ನು ಮೊದಲೇ ಯಾರೂ ನನಗೆ ಹೇಳಲಿಲ್ಲ. ಅವರೂ ಯೋಚಿಸಿರಲಿಲ್ಲ ಅನ್ನಿಸುತ್ತದೆ.

ಹಾಗಾದರೆ ಉಳಿದದ್ದು ಭಾವನ 70-200, ಅಪರ್ಚರ್ 2.8ರದ್ದು. ಭಾರೀ ಲೆನ್ಸ್. ಫುಲ್ ಫ್ರೇಮ್‌ನದೇ, ಹಾಗಾಗಿ ನನಗೆ ಪೂರ್ತಿ ಕೆಲಸಕ್ಕೆ ಬರುತ್ತದೆ. ಶಾಲೆಯ ಮುಂದಿನ ನಾಟಕಕ್ಕೆ ಅದನ್ನೇ ಕೇಳೋಣ ಅಂತ ಫೋನ್ ಮಾಡಿದೆ.

"ಬೇರೆ ಯಾವತ್ತಾದರೂ ಕೇಳಪ್ಪ, ಕೊಡ್ತೀನಿ. ಅವತ್ತು ಹೇಗೆ ಆಗುತ್ತೆ? ನಮ್ಮ ಪುಟ್ಟನೂ ಅದೇ ನಾಟಕದಲ್ಲಿ ಇದ್ದಾನಲ್ಲ" ಅಂದರು ಭಾವ.

ಹೌದಲ್ಲ! ಒಂದೇ ಶಾಲೆ, ಒಂದೇ ನಾಟಕ. ಈ ಒಂದು ವಿಷಯ ನನ್ನ ತಲೆಗೆ ಹೊಳೆಯದೇ ಇದ್ದದ್ದಕ್ಕೆ ಇವತ್ತಿಗೂ ನಾಚಿಕೆ ಆಗುತ್ತದೆ. ಒಂದೇ ಮನೆಯವರು ಫೋಟೊ ತೆಗೆಯುವುದು ಒಂದೇ ದಿನ, ಒಂದೇ ಜಾಗದಲ್ಲಿ. ಮದುವೆ, ಪ್ರವಾಸ, ಹುಟ್ಟಿದ ಹಬ್ಬ, ಮಕ್ಕಳ ಕಾರ್ಯಕ್ರಮ. ನನಗೆ ಲೆನ್ಸ್ ಬೇಕಾದ ದಿನವೇ ಅದರ ಯಜಮಾನನಿಗೂ ಬೇಕು. ಅವನಿಗೆ ಬೇಡವಾದ ದಿನ ನನಗೂ ಬೇಡ. ಲೆನ್ಸ್ ಹಂಚಿಕೊಂಡು ಲಾಭ ಆಗಬೇಕಾದರೆ ನಿಮ್ಮ ಮತ್ತು ಅವರ ಹವ್ಯಾಸ ಬೇರೆ ಇರಬೇಕು. ಒಬ್ಬರು ಹಕ್ಕಿ ಹಿಂದೆ ಹೋಗುವವರು, ಇನ್ನೊಬ್ಬರು ಮನೆ ಮಂದಿಯ ಫೋಟೊ ತೆಗೆಯುವವರು ಆದರೆ ಸರಿ. ನಾವೆಲ್ಲ ಅದೇ ಮಕ್ಕಳ ಹಿಂದೆ ಓಡುವವರು.

ನಾಟಕದ ದಿನ ಅಣ್ಣನ 55-250 ಹಿಡಿದು ಕೂತೆ. ಅವನು ಪಾಪ, ತಾನು ಮೊಬೈಲಿನಲ್ಲಿ ತೆಗೆಯುತ್ತೇನೆ ಅಂತ ಕೊಟ್ಟಿದ್ದ. ಮಗಳು ಕಿರೀಟ ಹಾಕಿಕೊಂಡು ಮುಂದೆ ಬಂದಳು. ನಾನು ಹತ್ತಿರಕ್ಕೆ ಎಳೆಯಲು ಜೂಮ್ ತಿರುಗಿಸಿದೆ. ಮಗಳು ದೂರ ಹೋದಳು. ನಿಕಾನ್ ಮತ್ತು ಕ್ಯಾನನ್ ಜೂಮ್ ತಿರುಗುವುದು ಒಂದಕ್ಕೊಂದು ಎದುರು ದಿಕ್ಕಿಗೆ. ಲೆನ್ಸ್ ಬಿಗಿಮಾಡುವ ದಿಕ್ಕೂ ಎದುರು. ಇದೆಲ್ಲ ಓದುವಾಗ ಚಿಲ್ಲರೆ ವಿಷಯ. ಹತ್ತು ವರ್ಷದಿಂದ ಒಂದು ಕಡೆ ತಿರುಗಿಸಿ ಅಭ್ಯಾಸವಾದ ಕೈಗೆ ಗಡಿಬಿಡಿಯಲ್ಲಿ ಅದೇ ನೆನಪಿರುತ್ತದೆ. ನಾನು ಸರಿಯಾದ ಕಡೆ ತಿರುಗಿಸುವಷ್ಟರಲ್ಲಿ ಅವಳು ತನ್ನ ಒಂದೇ ಒಂದು ಮಾತು ಹೇಳಿ ಪರದೆಯ ಹಿಂದೆ ಹೋಗಿ ಆಗಿತ್ತು. ಆ ಲೆನ್ಸಿನ ಅಪರ್ಚರ್ ಕೂಡ ತುದಿಯಲ್ಲಿ 5.6. ಅಂದರೆ ನಿಕಾನ್‌ನಲ್ಲಿ ನನಗೆ ಎಷ್ಟು ಬೆಳಕು ಸಿಗುತ್ತಿತ್ತೋ ಅಷ್ಟೇ.

ಆಗ ಲೆಕ್ಕ ಹಾಕಿದೆ. 5.6ರ ಬದಲು 1.8 ಅಪರ್ಚರ್ ಇದ್ದರೆ ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು. ನನಗೆ ಬೇಕಾಗಿದ್ದದ್ದು ಹೊಸ ಕಂಪನಿ ಅಲ್ಲ. ಹಳೆ ಡಿ7000ಕ್ಕೆ 85 ಎಂಎಂ 1.8 ಲೆನ್ಸ್ ಒಂದು, ಮತ್ತು ಎರಡನೇ ಸಾಲಿನಲ್ಲಿ ಒಂದು ಕುರ್ಚಿ.

ಭಾವನ 70-200 ಕೊನೆಗೊಮ್ಮೆ ಸಿಕ್ಕಿತು, ಒಂದು ಪ್ರವಾಸಕ್ಕೆ. ಕಲ್ಲಿಗೆ ತಾಗಿಸಿದೆ. ಗಾಜಿಗೆ ಏನೂ ಆಗಲಿಲ್ಲ, ಮುಂದಿನ ಅಂಚಿನಲ್ಲಿ ಒಂದು ಗೀರು, ಫಿಲ್ಟರ್ ಹಾಕುವ ತಿರುಪು ಸ್ವಲ್ಪ ಬಾಗಿತು. ಸರಿಮಾಡಿಸಿಕೊಡ್ತೀನಿ ಭಾವ ಅಂದೆ. "ಅಯ್ಯೋ ಬಿಡಪ್ಪ, ಏನೀಗ" ಅಂದರು. ಬೇರೆ ಏನೂ ಅನ್ನಲಿಲ್ಲ. ಅದೇ ಕಷ್ಟ. ಬಾಡಿಗೆಗೆ ತಂದಿದ್ದರೆ ದುಡ್ಡು ಕೊಟ್ಟು ಮುಗಿಯುತ್ತಿತ್ತು. ಆಮೇಲೆ ನಾನು ಅವರ ಹತ್ತಿರ ಲೆನ್ಸ್ ಕೇಳಿಲ್ಲ.

ಸಣ್ಣಪುಟ್ಟ ತೊಂದರೆಗಳೂ ಇವೆ. ಫೋಟೊ ತಿದ್ದಲು ನಾನು ಒಮ್ಮೆ ದುಡ್ಡು ಕೊಟ್ಟು ಕೊಂಡಿದ್ದ ಅಡೋಬಿಯ ಲೈಟ್‌ರೂಮ್ 6 ಸಾಫ್ಟ್‌ವೇರ್ ಬಳಸುತ್ತಿದ್ದೆ. ಅದಕ್ಕೆ 2017ರಿಂದ ಈಚೆಗೆ ಅಪ್‌ಡೇಟ್ ಇಲ್ಲ, ಆರ್8 ಕೊಡುವ ಸಿಆರ್3 ಅನ್ನುವ ಮೂಲ ಫೋಟೊ ಫೈಲ್ ತೆರೆಯುವುದಿಲ್ಲ. ಅಡೋಬಿಯವರದೇ ಉಚಿತ ಡಿಎನ್‌ಜಿ ಕನ್ವರ್ಟರ್‌ನಲ್ಲಿ ಪರಿವರ್ತಿಸಿ ನಡೆಸುತ್ತಿದ್ದೇನೆ. ನಿಕಾನ್ ಫ್ಲ್ಯಾಶ್ ಉಳಿಸಿಕೊಂಡಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ. ಒಂದು ಕಂಪನಿಯ ಫ್ಲ್ಯಾಶ್ ಇನ್ನೊಂದರ ಮೇಲೆ ಬೆಳಗಬಹುದು, ಆದರೆ ಬೆಳಕಿನ ಅಳತೆ ತಾನಾಗಿ ಮಾಡುವುದಿಲ್ಲ. ಎಲ್ಲರ ಫೋಟೊ ಸೇರಿಸಿ ಒಂದೇ ಆಲ್ಬಮ್ ಮಾಡಲು ಒಂದೇ ಕಂಪನಿ ಇದ್ದರೆ ಸುಲಭ ಅಂತ ಅಣ್ಣ ಹೇಳಿದ್ದ. ಅದಕ್ಕೆ ಬೇಕಾದದ್ದು ಎಲ್ಲ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸುವುದು. ಅಷ್ಟೇ! ಭಾವನ ಕ್ಯಾಮೆರಾ ಒಂದು ಗಂಟೆ ಹಿಂದಿದೆ, ಪ್ರವಾಸದ ಆಲ್ಬಮ್‌ನಲ್ಲಿ ನಾವು ಬೆಟ್ಟ ಇಳಿದ ಮೇಲೆ ಹತ್ತುತ್ತಿದ್ದೇವೆ.

ಹಾಗಂತ ನಿಕಾನ್‌ನಲ್ಲೇ ಇದ್ದಿದ್ದರೆ ಸುಖವಾಗಿರುತ್ತಿದ್ದೆ ಅಂತಲೂ ಅಲ್ಲ. ಅಲ್ಲಿ 1959ರ ಎಫ್ ಮೌಂಟ್‌ನಿಂದ 2018ರ ಝಡ್ ಮೌಂಟ್‌ಗೆ ಹೋಗಲು ಎಫ್‌ಟಿಝಡ್ ಅನ್ನುವ ಅಡಾಪ್ಟರ್ ಬೇಕು. ನನ್ನ ಹಳೆ 50 ಎಂಎಂ ಡಿ ಲೆನ್ಸ್‌ನಂಥವು ಅದರಲ್ಲಿ ಆಟೋಫೋಕಸ್ ಆಗುವುದಿಲ್ಲ, ಯಾಕೆಂದರೆ ಅವಕ್ಕೆ ಸ್ವಂತ ಮೋಟಾರ್ ಇಲ್ಲ. ಅಂದರೆ ಯಾವ ಕಡೆ ಹೋದರೂ, "ನನ್ನ ಹತ್ತಿರ ಈ ಲೆನ್ಸ್ ಇದೆ, ಅದು ಆ ಬಾಡಿಯ ಮೇಲೆ ಪೂರ್ತಿ ಕೆಲಸ ಮಾಡುತ್ತಾ?" ಅಂತ ಒಂದೊಂದೇ ಲೆನ್ಸ್‌ಗೂ ಕೇಳಲೇಬೇಕು.

ಕೊಳ್ಳುವ ಮೊದಲು ಮನೆಯವರ ಕ್ಯಾಮೆರಾ ಒಂದು ವಾರ ಕೇಳಿ ತಂದು ಬಳಸಿ. ನಾನು ಅದನ್ನೂ ಮಾಡಲಿಲ್ಲ. ಮಾಡಿದ್ದರೆ ಜೂಮ್ ವಿಷಯ ಮೊದಲ ದಿನವೇ ಗೊತ್ತಾಗುತ್ತಿತ್ತು.

ಮೊನ್ನೆ ಅಣ್ಣ ಬಂದಿದ್ದ. ತಾನೂ ಮಿರರ್‌ಲೆಸ್‌ಗೆ ಹೋಗಬೇಕು ಅಂತ ಇದ್ದಾನಂತೆ. "ನಿನ್ನ ಹತ್ತಿರ ಅಡಾಪ್ಟರ್ ಹೇಗೂ ಇದೆಯಲ್ಲ, ಬೇಕಾದಾಗ ತಗೋತೀನಿ" ಅಂದ. ನಾನು ಏನೂ ಹೇಳದೆ ಅವನ ಚೀಲ ತೆಗೆದು ಲೆನ್ಸ್‌ಗಳನ್ನು ಸಾಲಾಗಿ ಇಟ್ಟೆ. ಹಿಂದಿನ ಮುಚ್ಚಳ ತೆಗೆದು ಗುರುತು ತೋರಿಸಿದೆ. ಕೆಂಪು ಚುಕ್ಕಿ ಇದ್ದರೆ ಇಎಫ್, ಬಿಳಿ ಚೌಕ ಇದ್ದರೆ ಇಎಫ್-ಎಸ್. ನಾಲ್ಕರಲ್ಲಿ ಮೂರು ಬಿಳಿ ಚೌಕ. ಅಣ್ಣ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎಲ್ಲವನ್ನೂ ಮತ್ತೆ ಚೀಲದೊಳಗೆ ಇಟ್ಟುಕೊಂಡ.