ಅಗ್ಗದ ಉಣ್ಣೆ ಸ್ವೆಟರ್‌ನಲ್ಲಿ ನಾಲ್ಕು ಚಳಿಗಾಲ ಸೈಕಲ್ ತುಳಿದ ಮೇಲೆ

ಇದು ಸೈಕಲ್ ಜೆರ್ಸಿಯ ವಿಮರ್ಶೆ ಅಲ್ಲ. ಆಫೀಸಿಗೆ ಹಾಕುವಂಥ ತೆಳು ಉಣ್ಣೆ ಸ್ವೆಟರ್‌ಗಳದ್ದು. ನನ್ನ ಹತ್ತಿರ ಎರಡಿವೆ. ಮೂರನೆಯದನ್ನು ನಾನೇ ಕೊಂದೆ, ಆ ಕಥೆ ಮುಂದಿದೆ. ಎಲ್ಲವೂ ಹಳೇ ಬಟ್ಟೆ ಮಾರುವ ಕಡೆ ಸಿಕ್ಕಿದ್ದು. ಒಂದಕ್ಕೆ 250 ರೂಪಾಯಿ, ಇನ್ನೊಂದಕ್ಕೆ 400. ಸೈಕಲ್‌ಗೆಂದೇ ಹೊಲಿದ, ಮೆರಿನೊ ಅನ್ನುವ ನವಿರು ಉಣ್ಣೆಯ ಜೆರ್ಸಿಗೆ ಸಾವಿರಾರು ಕೊಡಬೇಕು.

ಬೆಂಗಳೂರಿಗೆ ಉಣ್ಣೆ ಯಾಕಪ್ಪಾ ಅನ್ನುವವರು ಡಿಸೆಂಬರ್‌ನಲ್ಲಿ ಬೆಳಗ್ಗೆ ಐದಕ್ಕೆ ಹೆಬ್ಬಾಳ ದಾಟಿ ನೋಡಬೇಕು. ದೇವನಹಳ್ಳಿ ಹತ್ತಿರ ಮಂಜು ಮುಖಕ್ಕೇ ಬರುತ್ತದೆ. ಆದರೆ ಚಳಿಗಿಂತ ದೊಡ್ಡ ತಾಪತ್ರಯ ನಂದಿ ಬೆಟ್ಟದ್ದು. ಹತ್ತುವಾಗ ಬೆವರು ಸುರಿಯುತ್ತದೆ. 1,478 ಮೀಟರ್ ಎತ್ತರದಲ್ಲಿ ಕಾಫಿ ಕುಡಿದು ಇಳಿಯಲು ಶುರು ಮಾಡಿದರೆ ಒದ್ದೆ ಪಾಲಿಯೆಸ್ಟರ್ ಎದೆಗೆ ಅಂಟಿಕೊಂಡು ಹಲ್ಲು ಕಟಕಟ. ಉಣ್ಣೆ ಹಾಗಲ್ಲ. ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಎಳೆಯೊಳಗೇ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಕಂಬಳಿ ಕೊಪ್ಪೆ ಹೊದ್ದು ದಿನವಿಡೀ ಮಳೆಯಲ್ಲಿ ಗದ್ದೆ ಕೆಲಸ ಮಾಡಿದ ನಮ್ಮಜ್ಜನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಕೊಳ್ಳುವಾಗ ಮೊದಲ ಸಲ ನಾನೂ ಬೇಸ್ತು ಬಿದ್ದೆ. ಆನ್‌ಲೈನ್‌ನಲ್ಲಿ 'ವುಲನ್' ಅಂತ ಇದ್ದದ್ದನ್ನು ನಂಬಿ ತರಿಸಿದೆ. ಒಳಗಿನ ಚೀಟಿ ನೋಡಿದರೆ ಶೇ 100 ಅಕ್ರಿಲಿಕ್, ಅಂದರೆ ಪೂರ್ತಿ ಕೃತಕ ನೂಲು! ನಮ್ಮಲ್ಲಿ ಬೆಚ್ಚಗಿರುವುದೆಲ್ಲ ವುಲನ್ ಅಲ್ವಾ. ಚಳಿಗಾಲದಲ್ಲಿ ಟಿಬೆಟನ್ನರು ಹಾಕುವ ಸ್ವೆಟರ್ ಅಂಗಡಿಗಳಲ್ಲೂ ಜಾಸ್ತಿ ಇರುವುದು ಅಕ್ರಿಲಿಕ್ಕೇ. ಆದರೆ ನಾನು ಕೇಳಿದ ಅಂಗಡಿಯ ಅಕ್ಕ ಒಳ್ಳೇ ಕನ್ನಡದಲ್ಲಿ, "ಇದು ಮಿಕ್ಸು ಸಾರ್, ಪೂರ್ತಿ ಉಣ್ಣೆ ಬೇಕಾದ್ರೆ ಈ ರೇಟಿಗೆ ಬರಲ್ಲ" ಅಂತ ನೇರವಾಗಿ ಹೇಳಿದರು.

ಚೀಟಿ ಹರಿದುಹೋಗಿದ್ದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಮನೆಗೆ ತಂದು ಕಡ್ಡಿ ಗೀರಿ ನೋಡಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಅಂಗಡಿಯಲ್ಲೇ ಮಾಡಬೇಕಾದ್ದು ಎರಡು. ಬಟ್ಟೆಯನ್ನು ಬೆಳಕಿಗೆ ಹಿಡಿದು ಹುಳ ತಿಂದ ತೂತು ಹುಡುಕಿ. ಆಮೇಲೆ ಕುತ್ತಿಗೆಗೆ ಉಜ್ಜಿ ನೋಡಿ. ಅಲ್ಲಿ ಚುಚ್ಚಿದರೆ ಐವತ್ತು ಕಿಲೋಮೀಟರ್ ತಡೆಯುವುದು ಸುಳ್ಳು. ಸ್ವಲ್ಪ ನೈಲಾನ್ ಬೆರೆತಿದ್ದರೆ ಬಿಡಬೇಡಿ, ಮೊಣಕೈ ಬೇಗ ಸವೆಯುವುದಿಲ್ಲ. ಅರ್ಧಕ್ಕರ್ಧ ಅಕ್ರಿಲಿಕ್ ಇದ್ದರೆ ಬೇಡ, ಎರಡನೇ ಸವಾರಿಗೇ ನಾರುತ್ತದೆ.

ಇನ್ನು ಒಗೆಯುವುದು. ಮೂರನೇ ಸ್ವೆಟರ್ ಸತ್ತದ್ದು ಇಲ್ಲೇ. ಜೀನ್ಸ್ ಜೊತೆ ಮೆಷಿನ್‌ಗೆ ಎಸೆದು 40 ಡಿಗ್ರಿಗೆ ಇಟ್ಟೆ. ಹೊರಗೆ ಬಂದಾಗ ನಮ್ಮ ಐದು ವರ್ಷದ ಮಗಳಿಗೆ ಸರಿಹೋಗುವಂತಿತ್ತು, ದಪ್ಪ ಮಾತ್ರ ಎರಡರಷ್ಟು. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ. ಕತ್ತರಿಸಿದರೂ ಎಳೆ ಬಿಚ್ಚದಷ್ಟು ಗಟ್ಟಿಯಾಗಿತ್ತು. ಈಗ ಅದರ ತುಂಡುಗಳ ಮೇಲೆ ಸಾರಿನ ಪಾತ್ರೆ ಕೂರುತ್ತದೆ.

ಅಂದಿನಿಂದ ಕಮ್ಮಿ ಒಗೆಯುವುದೇ ನನ್ನ ಪದ್ಧತಿ. ಸವಾರಿ ಮುಗಿದ ಮೇಲೆ ಬಾಲ್ಕನಿಯ ಕುರ್ಚಿ ಮೇಲೆ ಹರಡಿಬಿಟ್ಟರೆ ಮರುದಿನಕ್ಕೆ ವಾಸನೆ ಇರುವುದಿಲ್ಲ. ಐದಾರು ಸವಾರಿಗೆ ಒಂದು ಸಲ ಒಗೆಯುತ್ತೇನೆ. ತಣ್ಣೀರಿನ ಬಕೆಟ್, ಉಣ್ಣೆ ಬಟ್ಟೆಗೆಂದೇ ಸಿಗುವ 'ಈಜಿ' ದ್ರವ ಸೋಪು ಒಂದು ಮುಚ್ಚಳ, ಹತ್ತು ನಿಮಿಷ. ಈಜಿ ಮುಗಿದಿದ್ದರೆ ಶಾಂಪೂ ಸಾಕು, ಉಣ್ಣೆ ಅಂದರೆ ಕೂದಲು ತಾನೇ. ದಿನಬಳಕೆಯ ಸೋಪಿನ ಪುಡಿ ಮಾತ್ರ ಬೇಡ. ಅದು ಕ್ಷಾರ. ಜೊತೆಗೆ ಕೆಲವು ಪುಡಿಗಳಲ್ಲಿ ಪ್ರೋಟೀನ್ ಕಲೆ ಕರಗಿಸುವ ಎಂಜೈಮ್ ಇರುತ್ತದೆ. ಉಣ್ಣೆಯೂ ಪ್ರೋಟೀನೇ! ಬ್ಲೀಚ್ ಅಂತೂ ಮುಟ್ಟಲೇಬೇಡಿ.

ಹಿಂಡಬಾರದು. ಟವೆಲ್ ಮೇಲೆ ಮಲಗಿಸಿ, ಚಾಪೆ ಸುತ್ತಿದಂತೆ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿ. ಆಮೇಲೆ ನೆರಳಲ್ಲಿ ಚಪ್ಪಟೆಯಾಗಿ ಹರಡಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಮಂಡಿ ಮುಟ್ಟುತ್ತದೆ. ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕು, ಇದೊಂದು ನಿಜವಾದ ಕಿರಿಕಿರಿ. ಎತ್ತಿಡುವಾಗಲೂ ಒಗೆದೇ ಇಡಿ, ಬೆವರಿನ ಕಲೆ ಇದ್ದಲ್ಲೇ ಹುಳ ಮೊದಲು ಬಾಯಿ ಹಾಕುವುದು. ನಮ್ಮಮ್ಮ ಬೇವಿನ ಸೊಪ್ಪು ಹಾಕು ಅನ್ನುತ್ತಾರೆ. ನನಗೆ ಬಿಗಿ ಮುಚ್ಚಳದ ಡಬ್ಬಿಯ ಮೇಲೇ ನಂಬಿಕೆ ಜಾಸ್ತಿ.

ನಾಲ್ಕು ವರ್ಷಕ್ಕೆ 250ರ ಸ್ವೆಟರ್ ಮೊಣಕೈಯಲ್ಲಿ ಎರಡು ಸಲ ರಫು ಕಂಡಿದೆ. 400ರದ್ದು ಗಟ್ಟಿಯಾಗಿದೆ. ಬೆಳಗ್ಗೆ ಒಂಬತ್ತರ ನಂತರ ಎರಡೂ ಸೆಕೆ. ಬೆನ್ನಿಗೆ ಜೇಬಿಲ್ಲದ್ದು ಇನ್ನೊಂದು ಕೊರತೆ. ಟೈಲರ್ ಹತ್ತಿರ 60 ರೂಪಾಯಿ ಕೊಟ್ಟು ಹಳೇ ಪ್ಯಾಂಟಿನ ಜೇಬು ಹೊಲಿಸಿದೆ. ಮೊಬೈಲ್ ಇಟ್ಟರೆ ಜೇಬು ಸೀಟಿನವರೆಗೆ ಜೋತುಬಿತ್ತು. ಈಗ ಅದರಲ್ಲಿ ಎರಡು ಏಲಕ್ಕಿ ಬಾಳೆ ಮಾತ್ರ.