ನಾಪಾದ ಸೈಕಲ್ ಹಾದಿಯೋ, ಡ್ರೈ ಕ್ರೀಕ್‌ನ ಹಳ್ಳಿ ರಸ್ತೆಯೋ?

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ದ್ರಾಕ್ಷಿ ತೋಟಗಳ ನಡುವೆ ಒಂದು ದಿನ ಸೈಕಲ್ ತುಳಿಯಬೇಕೆಂದರೆ ಎರಡು ಒಳ್ಳೆಯ ದಾರಿಗಳಿವೆ.

ಮಕ್ಕಳು ಜೊತೆಗಿದ್ದರೆ ನಾಪಾ ಕಣಿವೆಯ ವೈನ್ ಟ್ರೇಲ್‌ಗೇ ಹೋಗಿ. ಈ ಹೆಸರಿನಲ್ಲಿರುವ ‘ವೈನ್’ ಮದ್ಯವಲ್ಲ, ಬಳ್ಳಿ. ನಾಪಾದಿಂದ ಯೌಂಟ್‌ವಿಲ್‌ವರೆಗೆ ಸುಮಾರು 20 ಕಿ.ಮೀ., ಬಹುತೇಕ ಸಮತಟ್ಟು, ಬಹುಪಾಲು ಕಾರುಗಳಿಂದ ಬೇರ್ಪಟ್ಟ ಹಾದಿ. ಆದರೆ 29ನೇ ಹೆದ್ದಾರಿ ಪಕ್ಕದಲ್ಲೇ ಸಾಗುವುದರಿಂದ ವಾಹನಗಳ ಸದ್ದು ಬಿಡುವುದಿಲ್ಲ.

ಮೌನ ಬೇಕಿದ್ದವರಿಗೆ ಸೊನೋಮಾ ಕೌಂಟಿಯ ವೆಸ್ಟ್ ಡ್ರೈ ಕ್ರೀಕ್ ರಸ್ತೆ. ನನ್ನ ಮನಸ್ಸು ಇದರ ಕಡೆಗೇ. ಹೀಲ್ಡ್ಸ್‌ಬರ್ಗ್ ಪಟ್ಟಣ ದಾಟಿದರೆ ಸಾಕು, ಕಿರಿದಾದ ರಸ್ತೆ ಸಣ್ಣ ಸಣ್ಣ ಏರಿಳಿತಗಳಲ್ಲಿ ತೋಟಗಳ ಅಂಚಿಗೇ ಒತ್ತಿಕೊಂಡು ಸಾಗುತ್ತದೆ. ಗಿಡ್ಡನೆಯ, ಗಂಟುಗಂಟಾದ ಹಳೆಯ ಜಿನ್‌ಫಂಡೆಲ್ ದ್ರಾಕ್ಷಿ ಬಳ್ಳಿಗಳನ್ನು ಕೈಯಳತೆಯಲ್ಲೇ ನೋಡಬಹುದು. ಹೆಸರು ‘ಒಣ ತೊರೆ’ಯಾದರೂ ಮೇಲಿನ ಅಣೆಕಟ್ಟಿನಿಂದ ಬಿಡುವ ನೀರು ಬೇಸಿಗೆಯಲ್ಲೂ ಹರಿಯುತ್ತದೆ. ಲ್ಯಾಂಬರ್ಟ್ ಸೇತುವೆ ದಾಟಿದರೆ 1881ರಿಂದಲೂ ಇರುವ ಡ್ರೈ ಕ್ರೀಕ್ ಜನರಲ್ ಸ್ಟೋರ್. ಊಟಕ್ಕೆ ಅಲ್ಲಿ ನಿಲ್ಲಿ. ಒಂದೇ ಎಚ್ಚರಿಕೆ: ರಸ್ತೆಯ ಬದಿಯಲ್ಲಿ ಸೈಕಲ್‌ಗೆ ಪ್ರತ್ಯೇಕ ಜಾಗವಿಲ್ಲ, ಆದ್ದರಿಂದ ತಿರುವುಗಳಲ್ಲಿ ಸಾಲಾಗಿ ಹೋಗಿ.

ಕೊಯ್ಲಿನ ಸಂಭ್ರಮ ನೋಡಲು ಸೆಪ್ಟೆಂಬರ್ ಸೂಕ್ತ. ಬಿಸಿಲು ಏರುವ ಮೊದಲೇ ಹೊರಡಿ. ನಾಪಾ, ಹೀಲ್ಡ್ಸ್‌ಬರ್ಗ್ ಎರಡೂ ಊರುಗಳಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 18 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ಕುಡಿದು ರಸ್ತೆಯಲ್ಲಿ ಸೈಕಲ್ ಓಡಿಸುವುದೂ ಅಲ್ಲಿ ಅಪರಾಧ, ಹಾಗಾಗಿ ವೈನ್ ರುಚಿ ನೋಡುವುದನ್ನು ಸವಾರಿ ಮುಗಿದ ಮೇಲೆ ಇಟ್ಟುಕೊಳ್ಳಿ.